ಓದುಗರ ಪ್ರಶ್ನೆ: ಕೊಳೆನೀರಿನಿಂದ ಹೈಡ್ರೋಜನ್ ಎಷ್ಟು, ಹೇಗೆ?

ಸೂಕ್ಷ್ಮಾಣುಗಳ ನೆರವಿನಿಂದ ಕೊಳೆನೀರಿನಲ್ಲಿ ಹೈಡ್ರೋಜನ್ ತೆಗೆಯುವ ಬಗ್ಗೆ ಧಾರವಾಡ, ಹಾವೇರಿ, ಗದಗ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಎಲ್ಲ ಉತ್ತರಗಳಿಗೂ ಅನ್ವಯಿಸುವ ಒಂದು ಮಾತು ಮೊದಲೇ ಇರಲಿ. ನೀರಿನಲ್ಲಿ ಏನು ಕರಗಿದೆ ಎಂದು ಪರೀಕ್ಷೆ ಮಾಡಿಸದೆ ವಿಧಾನ ಆರಿಸಬೇಡಿ. ಸಕ್ಕರೆ, ಪಿಷ್ಟ ಇರುವ ನೀರಿಗೆ ಒಂದು ದಾರಿ. ಹುದುಗಿ ಆಮ್ಲವಾಗಿ ಉಳಿದ ನೀರಿಗೆ ಇನ್ನೊಂದು. ಊರ ಗಟಾರದ ತೆಳು ನೀರಿನಲ್ಲಿ ಇವೆರಡೂ ಕಷ್ಟವೇ.

ಪ್ರಶ್ನೆ: ನಮ್ಮದು ಗೋವಿನಜೋಳದಿಂದ ಪಿಷ್ಟ ತೆಗೆಯೋ ಸಣ್ಣ ಘಟಕ. ದಿನಕ್ಕ 20 ಸಾವಿರ ಲೀಟರ್ ಕೊಳೆನೀರು ಬರ್ತದ. ಸಿಒಡಿ ಲೀಟರಿಗೆ 10 ಗ್ರಾಂ ಅಂತ ಲ್ಯಾಬಿನವರು ಬರೆದುಕೊಟ್ಟಾರ. ಇದರಿಂದ ಹೈಡ್ರೋಜನ್ ತೆಗೆದು ಬಾಯ್ಲರಿಗೆ ಬಳಸಬಹುದೇನ್ರಿ?
— ಘಟಕದ ಮೇಲ್ವಿಚಾರಕರು, ರಾಣೆಬೆನ್ನೂರು

ತೆಗೆಯಬಹುದು. ನಿಮ್ಮಲ್ಲಿರುವಂಥ ನೀರೇ ಇದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ. ಆದರೆ ಬಾಯ್ಲರಿನ ಹೊಟ್ಟೆ ಅದೊಂದರಿಂದಲೇ ತುಂಬುವುದಿಲ್ಲ. ಲೆಕ್ಕ ಹೀಗಿದೆ.

ಸಿಒಡಿ ಎಂದರೆ ನೀರಿನಲ್ಲಿರುವ ಸಾವಯವ ವಸ್ತುವನ್ನು ರಾಸಾಯನಿಕವಾಗಿ ಪೂರ್ತಿ ಸುಡಲು ಬೇಕಾಗುವ ಆಮ್ಲಜನಕದ ತೂಕ. ನಿಮ್ಮಲ್ಲಿ ಅದು ದಿನಕ್ಕೆ 200 ಕೆ.ಜಿ. ಅದರಲ್ಲಿ ಶೇ. 70 ಪಿಷ್ಟ ಮತ್ತು ಸಕ್ಕರೆಯಿಂದ ಬಂದದ್ದು ಎಂದು ಹಿಡಿದರೆ, ಗ್ಲೂಕೋಸ್ ಲೆಕ್ಕದಲ್ಲಿ ಸುಮಾರು 131 ಕೆ.ಜಿ. ಆಗುತ್ತದೆ. ಗಾಳಿಯಾಡದ ತೊಟ್ಟಿಯಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾ 180 ಗ್ರಾಂ ಗ್ಲೂಕೋಸನ್ನು ಅಸಿಟಿಕ್ ಆಮ್ಲವಾಗಿ ಒಡೆದರೆ 8 ಗ್ರಾಂ ಹೈಡ್ರೋಜನ್ ಬಿಡುತ್ತವೆ, ಬ್ಯುಟಿರಿಕ್ ಆಮ್ಲವಾಗಿ ಒಡೆದರೆ 4 ಗ್ರಾಂ ಮಾತ್ರ. ತೊಟ್ಟಿಯಲ್ಲಿ ಎರಡೂ ಒಟ್ಟಿಗೇ ನಡೆಯುತ್ತವೆ. ಬ್ಯಾಕ್ಟೀರಿಯಾ ತಮ್ಮ ಬೆಳವಣಿಗೆಗೂ ಸಕ್ಕರೆ ಬಳಸಿಕೊಳ್ಳುತ್ತವೆ. ಹಾಗಾಗಿ 180 ಗ್ರಾಂಗೆ 3 ಗ್ರಾಂ ಹಿಡಿಯುವುದು ಸುರಕ್ಷಿತ ಅಂದಾಜು. ನಿಮಗೆ ಸಿಗುವುದು ದಿನಕ್ಕೆ ಸುಮಾರು 2.2 ಕೆ.ಜಿ. ಹೈಡ್ರೋಜನ್, ಅಂದರೆ 27 ಘನ ಮೀಟರ್ ಆಸುಪಾಸು. ಉಷ್ಣದ ಲೆಕ್ಕದಲ್ಲಿ 73 ಯೂನಿಟ್. ಮನೆಯ 14.2 ಕೆ.ಜಿ. ಅಡುಗೆ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ಇರುತ್ತದೆ. ಅಂದರೆ ಇಷ್ಟೆಲ್ಲ ಮಾಡಿದರೂ ಅರ್ಧ ಸಿಲಿಂಡರ್ ಆಗುವುದಿಲ್ಲ.

ಅದೇ ನೀರನ್ನು ಗೋಬರ್ ಗ್ಯಾಸ್ ಮಾದರಿಯಲ್ಲಿ ಮೀಥೇನ್ ಮಾಡಿದರೆ ಏನಾಗುತ್ತದೆ ನೋಡಿ. ಒಂದು ಕೆ.ಜಿ. ಸಿಒಡಿ ಪೂರ್ತಿ ಮೀಥೇನ್ ಆದರೆ 0.35 ಘನ ಮೀಟರ್ ಬರುತ್ತದೆ. ಶೇ. 80 ಕೈಗೆ ಬಂದರೂ ದಿನಕ್ಕೆ 56 ಘನ ಮೀಟರ್, ಸುಮಾರು 550 ಯೂನಿಟ್, ಮೂರು ಸಿಲಿಂಡರಿನಷ್ಟು ಉಷ್ಣ. ಆದ್ದರಿಂದ ನಮ್ಮ ಸಲಹೆ ಒಂದೇ: ಎರಡು ತೊಟ್ಟಿ ಕಟ್ಟಿ. ಮೊದಲನೆಯದರಲ್ಲಿ ಹೈಡ್ರೋಜನ್ ತೆಗೆಯಿರಿ, ಅಲ್ಲಿಂದ ಬರುವ ಆಮ್ಲದ ನೀರನ್ನು ಎರಡನೆಯದರಲ್ಲಿ ಮೀಥೇನ್ ಮಾಡಿ. ಹೈಡ್ರೋಜನ್ ಆಗಿ ಹೊರಹೋಗುವುದು 200 ಕೆ.ಜಿ. ಸಿಒಡಿಯಲ್ಲಿ 17-18 ಕೆ.ಜಿ. ಮಾತ್ರ, ಉಳಿದದ್ದೆಲ್ಲ ಎರಡನೇ ತೊಟ್ಟಿಗೆ ಸಿಗುತ್ತದೆ. ಎರಡೂ ಅನಿಲಗಳನ್ನು ಬೆರೆಸಿ ಉರಿಸಿದರೆ ಬರಿಯ ಮೀಥೇನಿಗಿಂತ ಚೊಕ್ಕಟವಾಗಿ ಉರಿಯುತ್ತದೆ. ಇಂಥ ನೀರಿನ ಮೀಥೇನ್ ತೊಟ್ಟಿಗೆ ಹೇಗೂ ಮೊದಲೊಂದು ಆಮ್ಲೀಕರಣದ ತೊಟ್ಟಿ ಇದ್ದರೆ ಒಳ್ಳೆಯದು. ಅದಕ್ಕೆ ಬಿಗಿ ಮುಚ್ಚಳ ಹಾಕಿ ಅನಿಲ ಹಿಡಿಯುವುದಷ್ಟೇ ಹೆಚ್ಚಿನ ಕೆಲಸ.

ಈಗ ಮೊದಲ ತೊಟ್ಟಿಯ ವಿವರ. ಪಿಷ್ಟ ಮೊದಲು ಸಕ್ಕರೆಯಾಗಿ ಒಡೆಯಬೇಕಾದ್ದರಿಂದ ನೀರು ತೊಟ್ಟಿಯಲ್ಲಿ 12 ಗಂಟೆ ನಿಲ್ಲಲಿ. ನಿಮ್ಮ ಹರಿವಿಗೆ 10 ಘನ ಮೀಟರ್ ನೀರು ಹಿಡಿಯುವ, ಮೇಲೆ 2 ಘನ ಮೀಟರ್ ಅನಿಲದ ಜಾಗವಿರುವ ತೊಟ್ಟಿ ಬೇಕು. ಫೈಬರ್ ಅಥವಾ ಎಚ್‌ಡಿಪಿಇ ಪ್ಲಾಸ್ಟಿಕ್ ಒಳ್ಳೆಯದು. ಒಳಗಿನ ಆಮ್ಲ ಕಬ್ಬಿಣವನ್ನೂ ಸಿಮೆಂಟನ್ನೂ ತಿನ್ನುತ್ತದೆ. ತಾಪಮಾನ 35ರಿಂದ 37 ಡಿಗ್ರಿ. ಬಾಯ್ಲರಿನಿಂದ ವಾಪಸು ಬರುವ ಬಿಸಿನೀರನ್ನು ಕೊಳವೆ ಸುರುಳಿಯಲ್ಲಿ ಹಾಯಿಸಿದರೆ ಸಾಕು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೊದಿಕೆ ಇಲ್ಲದ ತೊಟ್ಟಿ ಬೆಳಗಾಗುವಷ್ಟರಲ್ಲಿ 25ಕ್ಕೆ ಇಳಿದು ಅನಿಲ ತೀರಾ ಕಡಿಮೆಯಾಗಬಹುದು. ಸುತ್ತ ಭತ್ತದ ಹೊಟ್ಟು ತುಂಬಿದ ತಗಡಿನ ಕವಚ ಹಾಕಿ.

ಬೀಜಕ್ಕೆ, ಅಂದರೆ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ನೆಲೆಗೊಳಿಸಲು, ಈಗಾಗಲೇ ನಡೆಯುತ್ತಿರುವ ಗೋಬರ್ ಗ್ಯಾಸ್ ತೊಟ್ಟಿಯ ಬಗ್ಗಡ 1,000ದಿಂದ 1,500 ಲೀಟರ್ ಬೇಕು. ಅದನ್ನು ಹಬೆ ಹಾಯಿಸಿ 90-95 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಆರಿಸಿ ಹಾಕಿ. ಕ್ಲಾಸ್ಟ್ರಿಡಿಯಂ ಗಟ್ಟಿ ಬೀಜಾಣುಗಳ ರೂಪದಲ್ಲಿ ಈ ಬಿಸಿಯನ್ನು ತಾಳಿಕೊಳ್ಳುತ್ತದೆ. ಹೈಡ್ರೋಜನ್ ತಿಂದು ಮೀಥೇನ್ ಮಾಡುವ ಜೀವಿಗಳು ಸಾಯುತ್ತವೆ. ಈ ಕಾಯಿಸುವ ಕೆಲಸ ಆರಂಭಕ್ಕೆ ಮಾತ್ರ. ಆಮೇಲೆ ಹೊಸ ನೀರಿನ ಜೊತೆ ಮೀಥೇನ್ ಜೀವಿಗಳು ಬಂದೇ ಬರುತ್ತವೆ. ಅವನ್ನು ದೂರ ಇಡುವುದು ಎರಡು ಸಂಗತಿ: ಪಿಎಚ್ 5.5ರ ಸುತ್ತ ಇರುವುದು, ಮತ್ತು ಅವು ಬೆಳೆಯುವುದಕ್ಕಿಂತ ಬೇಗ ನೀರು ಹೊರಹೋಗುವುದು. ಅವುಗಳ ಸಂಖ್ಯೆ ಇಮ್ಮಡಿಯಾಗಲು ದಿನಗಳೇ ಬೇಕು, ಕ್ಲಾಸ್ಟ್ರಿಡಿಯಂಗೆ ಕೆಲವು ಗಂಟೆ ಸಾಕು. ಮೊದಲ 24ರಿಂದ 48 ಗಂಟೆ ನೀರು ಹರಿಸದೆ ಹಾಗೇ ಬಿಡಿ. ಅನಿಲ ಜೋರಾದ ಮೇಲೆ ಹರಿವು ಶುರು ಮಾಡಿ. ಹೈಡ್ರೋಜನ್ ಹೊರಡಿಸುವ ಕಿಣ್ವದಲ್ಲಿ ಕಬ್ಬಿಣ ಇರುವುದರಿಂದ ಲೀಟರಿಗೆ 50ರಿಂದ 100 ಮಿ.ಗ್ರಾಂ. ಫೆರಸ್ ಸಲ್ಫೇಟ್ ಹಾಕಿದರೆ ಅನುಕೂಲ. ಯೂರಿಯಾ ನಿಮಗೆ ಬೇಕಾಗಲಾರದು; ಕಾಳು ನೆನೆಸಿದ ನೀರಿನಲ್ಲೇ ಸಾರಜನಕ ಸಾಕಷ್ಟಿರುತ್ತದೆ.

ಕೆಡುವುದು ಎಲ್ಲಿ? ಮೊದಲನೆಯದು ಪಿಎಚ್. ಆಮ್ಲ ಹುಟ್ಟುತ್ತಲೇ ಇರುವುದರಿಂದ ಅದು ತಾನಾಗಿ ಕುಸಿಯುತ್ತದೆ. 4.5ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾ ಹೈಡ್ರೋಜನ್ ಬಿಟ್ಟು ಬ್ಯುಟನಾಲ್, ಅಸಿಟೋನ್ ಕಡೆ ತಿರುಗುತ್ತವೆ. ಸೋಡಾ ಹಾಕಿ ಏರಿಸಬಹುದು, ಆದರೆ ದಿನವೂ ಅದಕ್ಕೆ ದುಡ್ಡು ಸುರಿಯಬೇಕಾಗುತ್ತದೆ. ಎರಡನೇ ತೊಟ್ಟಿಯಿಂದ ಹೊರಬರುವ ನೀರು ಕ್ಷಾರೀಯವಾಗಿರುತ್ತದೆ, ಅದರಲ್ಲಿ ಸ್ವಲ್ಪವನ್ನು ಮೊದಲ ತೊಟ್ಟಿಗೆ ತಿರುಗಿಸಿದರೆ ಸೋಡಾ ಖರ್ಚು ಬಹಳ ಉಳಿಯುತ್ತದೆ. ಅದರ ಜೊತೆ ಮೀಥೇನ್ ಜೀವಿಗಳೂ ಬರುವುದರಿಂದ ಕಾಯಿಸಿ ಬಿಡುವುದು ಕ್ಷೇಮ.

ಎರಡನೆಯದು ಗಂಧಕ. ಗೋವಿನಜೋಳ ನೆನೆಸಲು ಸಲ್ಫರ್ ಡೈಆಕ್ಸೈಡ್ ಬೆರೆಸಿದ ನೀರು ಬಳಸುತ್ತಿದ್ದರೆ, ಅದು ಹುದುಗಿಸುವ ಬ್ಯಾಕ್ಟೀರಿಯಾವನ್ನು ಹತ್ತಿಕ್ಕುತ್ತದೆ. ಇನ್ನೊಂದು ಗುಂಪಿನ ಜೀವಿಗಳು ಇದೇ ಗಂಧಕವನ್ನು ಉಸಿರಾಟಕ್ಕೆ ಬಳಸಿ, ನಿಮ್ಮ ಹೈಡ್ರೋಜನನ್ನು ತಿಂದು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಬಿಡುತ್ತವೆ. ನೆನೆಸಿದ ನೀರನ್ನು ಬೇರೆಯಾಗಿ ಹಿಡಿದು, ಪಿಷ್ಟ ತೊಳೆದ ನೀರನ್ನಷ್ಟೇ ಮೊದಲ ತೊಟ್ಟಿಗೆ ಬಿಡಿ. ಆಗ ಮೊದಲು ಹೇಳಿದ ಸಾರಜನಕದ ಅನುಕೂಲ ತಪ್ಪುತ್ತದೆ, ಯೂರಿಯಾ ಸ್ವಲ್ಪ ಬೇಕಾಗಬಹುದು. ಆದರೂ ಇದೇ ಮೇಲು.

ಮೂರನೆಯದು ಹಳಸಿದ ನೀರು. ರಾತ್ರಿಯಿಡೀ ತೆರೆದ ಗುಂಡಿಯಲ್ಲಿ ನಿಂತ ನೀರಿನಲ್ಲಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಆಗಲೇ ಸಕ್ಕರೆ ತಿಂದಿರುತ್ತವೆ. ಅಲ್ಲಿಂದ ಹೈಡ್ರೋಜನ್ ನಿರೀಕ್ಷಿಸಬೇಡಿ. ವಾಸನೆಯಿಂದಲೂ ತಿಳಿಯಬಹುದು: ಹೊರಬರುವ ನೀರು ಕಮಟು ಬೆಣ್ಣೆಯ ವಾಸನೆ ಹೊಡೆದರೆ ಬ್ಯುಟಿರಿಕ್ ಆಮ್ಲ ಆಗುತ್ತಿದೆ, ಕೆಲಸ ಸರಿ ನಡೆದಿದೆ. ಹುಳಿ ಮಜ್ಜಿಗೆಯ ವಾಸನೆ ಬಂದು ಅನಿಲ ಇಳಿದರೆ ಲ್ಯಾಕ್ಟಿಕ್ ಕಡೆ ಹೊರಳಿದೆ. ಅನಿಲದಲ್ಲಿ ಮೀಥೇನ್ ಕಾಣಿಸಿದರೆ ಒಂದೆರಡು ದಿನ ಹರಿವು ಹೆಚ್ಚಿಸಿ, ಪಿಎಚ್ 5.0-5.2ಕ್ಕೆ ಇಳಿಸಿ ನೋಡಿ. ತೊಟ್ಟಿಯ ಒಳಗೆ ಅನಿಲದ ಒತ್ತಡ ಏರಲು ಬಿಡಬೇಡಿ. ಹೈಡ್ರೋಜನ್ ಒತ್ತಿಕೊಂಡಷ್ಟೂ ಬ್ಯಾಕ್ಟೀರಿಯಾ ಅದನ್ನು ಹೊರಬಿಡುವುದು ಕಡಿಮೆಯಾಗುತ್ತದೆ. ಹೊರಕೊಳವೆಯ ನೀರಿನ ತಡೆ 5 ಸೆಂ.ಮೀ. ಮೀರದಿರಲಿ, ನಿಧಾನವಾಗಿ ಕಲಕುವ ಏರ್ಪಾಟು ಇರಲಿ.

ಎರಡನೇ ತೊಟ್ಟಿಗೆ ಘನ ಮೀಟರಿಗೆ ದಿನಕ್ಕೆ 5 ಕೆ.ಜಿ. ಸಿಒಡಿಯ ಲೆಕ್ಕ ಹಿಡಿದರೆ 36 ಘನ ಮೀಟರ್ ಬೇಕು. ಅದರ ನಂತರವೂ ನೀರಿಗೆ ಗಾಳಿ ಊದಿ ಶುದ್ಧೀಕರಿಸಬೇಕಾಗುತ್ತದೆ. ಸಾಮಾನ್ಯ ಮಾನದಂಡದ ಪ್ರಕಾರ ಹಳ್ಳಕ್ಕೆ ಬಿಡುವ ನೀರಿನ ಸಿಒಡಿ ಲೀಟರಿಗೆ 250 ಮಿ.ಗ್ರಾಂ., ಬಿಒಡಿ (ಸೂಕ್ಷ್ಮಾಣುಗಳು ಕೊಳೆ ಒಡೆಯಲು ಬಳಸುವ ಆಮ್ಲಜನಕ) 30 ಮಿ.ಗ್ರಾಂ. ದಾಟುವಂತಿಲ್ಲ.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟಿಗೆ ಸೂಕ್ಷ್ಮಾಣು ವಿದ್ಯುದ್ವಿಭಜನೆಯ ಕೋಶ ಮಾಡಬೇಕೆಂದಿದ್ದೇವೆ. ಕಡಿಮೆ ಖರ್ಚಿನಲ್ಲಿ ಮಾಡುವುದು ಹೇಗೆ? 0.7 ವೋಲ್ಟ್ ಕೊಡುವ ಪವರ್ ಸಪ್ಲೈ ಎಲ್ಲೂ ಸಿಗುತ್ತಿಲ್ಲ.
— ಬಿಎಸ್ಸಿ ವಿದ್ಯಾರ್ಥಿನಿಯರು, ಧಾರವಾಡ

2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ನೆದರ್ಲೆಂಡ್ಸ್‌ನ ವಾಖೆನಿಂಗೆನ್‌ನ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿಕೊಟ್ಟ ವಿಧಾನ ಇದು. ಜಿಯೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಅಸಿಟೇಟನ್ನು (ಅಸಿಟಿಕ್ ಆಮ್ಲದ ಲವಣ) ಒಡೆದು ಎಲೆಕ್ಟ್ರಾನುಗಳನ್ನು ಆನೋಡ್ ಎಂಬ ಧನ ವಿದ್ಯುದ್ವಾರಕ್ಕೆ ದಾಟಿಸುತ್ತವೆ. ಹೊರಗಿನಿಂದ ಸ್ವಲ್ಪ ವೋಲ್ಟೇಜ್ ಕೊಟ್ಟರೆ ಅವೇ ಎಲೆಕ್ಟ್ರಾನುಗಳು ಕ್ಯಾಥೋಡ್ ಎಂಬ ಋಣ ವಿದ್ಯುದ್ವಾರದಲ್ಲಿ ನೀರಿನ ಪ್ರೋಟಾನುಗಳೊಂದಿಗೆ ಸೇರಿ ಹೈಡ್ರೋಜನ್ ಆಗುತ್ತವೆ. ಪುಸ್ತಕದ ಲೆಕ್ಕದಲ್ಲಿ 0.14 ವೋಲ್ಟ್ ಸಾಕು, ನಡೆಸಲು 0.6ರಿಂದ 0.8 ಬೇಕು. ಬರಿಯ ನೀರನ್ನು ಒಡೆಯಲು ಲೆಕ್ಕದಲ್ಲೇ 1.23, ನಡೆಸುವಾಗ 1.8ರ ಮೇಲೆ ಬೇಕು. ಆ ಅಂತರದಷ್ಟು ಶಕ್ತಿಯನ್ನು ಕೊಳೆನೀರಿನ ಆಹಾರವೇ ತುಂಬಿಕೊಡುತ್ತದೆ.

250 ಮಿ.ಲೀ. ಅಗಲಬಾಯಿಯ ಗಾಜಿನ ಬಾಟಲಿ, ಬ್ಯುಟೈಲ್ ರಬ್ಬರಿನ ಬಿರಡೆ ತೆಗೆದುಕೊಳ್ಳಿ. ಆನೋಡಿಗೆ 5×5 ಸೆಂ.ಮೀ. ಕಾರ್ಬನ್ ಫೆಲ್ಟ್, ಸುಮಾರು 5 ಮಿ.ಮೀ. ದಪ್ಪದ್ದು. ಅದನ್ನು ಒಂದು ರಾತ್ರಿ ಅಸಿಟೋನಿನಲ್ಲಿ ನೆನೆಸಿ ತೊಳೆಯಿರಿ. ಕಾಲೇಜಿನಲ್ಲಿ ಮಫಲ್ ಕುಲುಮೆ ಇದ್ದರೆ 450 ಡಿಗ್ರಿಯಲ್ಲಿ 30 ನಿಮಿಷ ಕಾಯಿಸುವುದು ಇನ್ನೂ ಮೇಲು. ಫೆಲ್ಟ್ ನೀರು ಹಿಡಿಯುವುದಿಲ್ಲ, ಒಳಗೆ ಗಾಳಿ ಉಳಿದರೆ ಬ್ಯಾಕ್ಟೀರಿಯಾ ನೆಲೆಸಲು ಜಾಗವೇ ಇರುವುದಿಲ್ಲ. ಬಳಸುವ ಮುಂಚೆ ಸ್ಪಿರಿಟಿನಲ್ಲಿ ಅದ್ದಿ, ಆಮೇಲೆ ನೀರಿನಲ್ಲಿ ಹಿಂಡಿ ತೆಗೆಯಿರಿ. ಸಂಪರ್ಕಕ್ಕೆ ಟೈಟೇನಿಯಂ ತಂತಿ ಅಥವಾ ಗ್ರಾಫೈಟ್ ಕಡ್ಡಿ. ತಾಮ್ರದ ತಂತಿ ಆನೋಡಿನ ಬಳಿ ನೀರಿಗೆ ತಾಗಲೇಬಾರದು. ಅದು ಕರಗಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಜೊತೆಗೆ ಸುಳ್ಳು ಕರೆಂಟ್ ತೋರಿಸುತ್ತದೆ. ಕ್ಯಾಥೋಡಿಗೆ ಅದೇ ಅಳತೆಯ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಸಾಕು, ಪ್ಲಾಟಿನಂ ಬೇಡ. ಪಾತ್ರೆ ತಿಕ್ಕುವ ಸ್ಟೀಲ್ ನಾರು ಕೊಂಡರೆ ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿದರೆ ಅದು ಬೇರೆ ದರ್ಜೆಯದು. ಎರಡರ ನಡುವೆ 1ರಿಂದ 2 ಸೆಂ.ಮೀ. ಅಂತರ ಇರಲಿ, ಒಂದಕ್ಕೊಂದು ತಾಗದಂತೆ ನೈಲಾನ್ ಜಾಲರಿ ಇಡಿ.

ದ್ರಾವಣಕ್ಕೆ ಲೀಟರಿಗೆ ಸೋಡಿಯಂ ಅಸಿಟೇಟ್ 1 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 4.58 ಗ್ರಾಂ, ಮಾನೋಸೋಡಿಯಂ ಫಾಸ್ಫೇಟ್ 2.45 ಗ್ರಾಂ, ಅಮೋನಿಯಂ ಕ್ಲೋರೈಡ್ 0.31 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.13 ಗ್ರಾಂ. ಮೊದಲ ತುಂಬುವಿಕೆಯಲ್ಲಿ ಇದರ ಅರ್ಧ ಮತ್ತು ಬಟ್ಟೆಯಲ್ಲಿ ಸೋಸಿದ ಗಟಾರ ನೀರು ಅಥವಾ ಗೋಬರ್ ಗ್ಯಾಸ್ ಬಗ್ಗಡ ಅರ್ಧ. ಇದನ್ನು ಕಾಯಿಸಬೇಡಿ! ಕಾಯಿಸುವುದು ಹುದುಗಿಸುವ ತೊಟ್ಟಿಗೆ ಮಾತ್ರ. ಜಿಯೋಬ್ಯಾಕ್ಟರ್ ಬೀಜಾಣು ಕಟ್ಟುವುದಿಲ್ಲ, ಸತ್ತುಹೋಗುತ್ತದೆ. ಕೈಗವಸು ಹಾಕಿಕೊಂಡೇ ಕೆಲಸ ಮಾಡಿ. ಎರಡನೇ ಸಲಕ್ಕೆ ಬೀಜದ ಪಾಲು ಕಾಲುಭಾಗ, ಮೂರನೇ ಸಲಕ್ಕೆ ಏನೂ ಬೇಡ.

ಇನ್ನು ವೋಲ್ಟೇಜ್. ಅಂಗಡಿಯಲ್ಲಿ ಸಿಗುವ ಎಲ್‌ಎಂ317 ರೆಗ್ಯುಲೇಟರ್ 1.25 ವೋಲ್ಟಿಗಿಂತ ಕೆಳಗೆ ಇಳಿಯುವುದಿಲ್ಲ. ಅನೇಕ ಪ್ರಾಜೆಕ್ಟುಗಳು ನಿಲ್ಲುವುದು ಇಲ್ಲೇ. ಸುಲಭ ದಾರಿ: 5 ವೋಲ್ಟಿನ ಮೊಬೈಲ್ ಚಾರ್ಜರ್, 100 ಓಮ್‌ನ ಅರ್ಧ ವ್ಯಾಟ್ ರೆಸಿಸ್ಟರ್, ಒಂದು 1ಎನ್4007 ಡಯೋಡ್. ಮೂರನ್ನೂ ಸಾಲಾಗಿ ಜೋಡಿಸಿ, ಡಯೋಡಿನ ಎರಡು ತುದಿಗಳಿಂದ ತಂತಿ ಎಳೆದುಕೊಳ್ಳಿ. ಡಯೋಡಿನ ಮೇಲೆ 0.7ರಿಂದ 0.8 ವೋಲ್ಟ್ ಸ್ಥಿರವಾಗಿ ನಿಲ್ಲುತ್ತದೆ. ಅದರಲ್ಲಿ 40 ಮಿಲಿಆಂಪಿಯರ್ ಹರಿಯುತ್ತಿರುವುದರಿಂದ ನಿಮ್ಮ ಕೋಶ ಎಳೆಯುವ ಎರಡು ಮೂರು ಮಿಲಿಆಂಪಿಯರಿಗೆ ಅದು ಅಲುಗಾಡುವುದಿಲ್ಲ. ಧನ ತುದಿ ಆನೋಡಿಗೆ, ಋಣ ತುದಿ ಕ್ಯಾಥೋಡಿಗೆ. ಮಧ್ಯೆ ಒಂದು 10 ಓಮ್ ರೆಸಿಸ್ಟರ್ ಇಟ್ಟು ಅದರ ಮೇಲಿನ ಮಿಲಿವೋಲ್ಟ್ ಅಳೆದು 10ರಿಂದ ಭಾಗಿಸಿದರೆ ಮಿಲಿಆಂಪಿಯರ್ ಸಿಗುತ್ತದೆ.

ಮೊದಲ ವಾರ ಮೀಟರ್ ಬಹುತೇಕ ಸೊನ್ನೆ ತೋರಿಸುತ್ತದೆ. ಬಿಚ್ಚಿ ನೋಡಬೇಡಿ, ವೋಲ್ಟೇಜ್ ಏರಿಸಬೇಡಿ. ಐದರಿಂದ ಹದಿನೈದು ದಿನಗಳೊಳಗೆ ಕರೆಂಟ್ ಏರತೊಡಗಿ, ಈ ಅಳತೆಯ ಆನೋಡಿಗೆ 2ರಿಂದ 3 ಮಿಲಿಆಂಪಿಯರ್ ತಲುಪಿದರೆ ಒಳ್ಳೆಯ ಪದರ ಕೂತಿದೆ ಎಂದರ್ಥ. ಒಂದು ಮಿಲಿಆಂಪಿಯರ್ ಒಂದು ದಿನ ಹರಿದರೆ 11 ಮಿ.ಲೀ. ಹೈಡ್ರೋಜನ್, ಧಾರವಾಡದ ಎತ್ತರದಲ್ಲಿ ವಾಯುಭಾರ ಕಡಿಮೆಯಾದ್ದರಿಂದ 12ರ ಹತ್ತಿರ. ಇದೇ ನಿಮ್ಮ ಅಳತೆಗೋಲು. 200 ಮಿ.ಲೀ. ದ್ರಾವಣದ ಅಸಿಟೇಟ್ ಒಂದಿಷ್ಟೂ ಪೋಲಾಗದಿದ್ದರೆ ಸುಮಾರು 240 ಮಿ.ಲೀ. ಹೈಡ್ರೋಜನ್ ಕೊಡಬೇಕು, ಆರೇಳು ದಿನದ ಒಂದು ಸುತ್ತಿನಲ್ಲಿ 100ರಿಂದ 150 ಬಂದರೆ ಸಂತೋಷಪಡಿ.

ಕರೆಂಟ್ ಚೆನ್ನಾಗಿದ್ದೂ ಅನಿಲ ಬಾರದಿದ್ದರೆ ಕಾರಣ ಎರಡೇ. ಒಂದು ಸೋರಿಕೆ: ಸಿಲಿಕೋನ್ ಕೊಳವೆಯ ಗೋಡೆಯ ಮೂಲಕವೇ ಹೈಡ್ರೋಜನ್ ಹೊರಟುಹೋಗುತ್ತದೆ, ದಪ್ಪ ಪಿವಿಸಿ ಬಳಸಿ. ಇನ್ನೊಂದು ಮೀಥೇನ್ ಜೀವಿಗಳು: ನಾಲ್ಕು ಪಾಲು ಹೈಡ್ರೋಜನ್ ತಿಂದು ಒಂದು ಪಾಲು ಮೀಥೇನ್ ಬಿಡುತ್ತವೆ. ದ್ರಾವಣ ಬದಲಿಸುವಾಗ ಎಲೆಕ್ಟ್ರೋಡುಗಳನ್ನು 15-20 ನಿಮಿಷ ಗಾಳಿಗೆ ಒಡ್ಡಿ. ಆಮ್ಲಜನಕ ಅವಕ್ಕೆ ವಿಷ. ಆನೋಡಿನ ಪದರ ಅಷ್ಟು ಹೊತ್ತು ತಾಳಿಕೊಳ್ಳುತ್ತದೆ. ಅನಿಲವನ್ನು ಸಾದಾ ನೀರಿನ ಮೇಲೆ ಹಿಡಿದರೆ ಇಂಗಾಲದ ಡೈಆಕ್ಸೈಡ್ ಕರಗಿ ಲೆಕ್ಕ ತಪ್ಪುತ್ತದೆ. ಒಟ್ಟು ಅನಿಲ ಅಳೆಯಲು ಉಪ್ಪು ಕರಗುವಷ್ಟು ಕರಗಿಸಿ ಕೆಲವು ಹನಿ ಆಮ್ಲ ಹಾಕಿದ ನೀರು ಬಳಸಿ. ಆಮೇಲೆ ಅದನ್ನು ಕಾಸ್ಟಿಕ್ ಸೋಡಾ ದ್ರಾವಣದ ಮೂಲಕ ಹಾಯಿಸಿದರೆ ಉಳಿಯುವುದು ಹೈಡ್ರೋಜನ್ ಮತ್ತು ಮೀಥೇನ್. 10 ಮಿ.ಲೀ. ಪ್ರನಾಳದಲ್ಲಿ ಹಿಡಿದು ಕಡ್ಡಿ ಗೀರಿದಾಗ 'ಪಟ್' ಎಂದರೆ ಹೈಡ್ರೋಜನ್ ಇದೆ, ಸದ್ದಿಲ್ಲದೆ ನೀಲಿಯಾಗಿ ಉರಿದರೆ ಬಹುಪಾಲು ಮೀಥೇನ್. ವರದಿಯಲ್ಲಿ ಅಂಕಿ ಬರೆಯಲು ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಾಫ್ ಬೇಕೇಬೇಕು.

ಇನ್ನೊಂದು ಬಾಟಲಿ ಕಡ್ಡಾಯವಾಗಿ ಇಡಿ: ಎಲ್ಲವೂ ಹಾಗೇ, ಬೀಜ ಮಾತ್ರ ಕುದಿಸಿ ಸಾಯಿಸಿದ್ದು. ಅದರಲ್ಲೂ ಕರೆಂಟ್ ಬಂದರೆ ನೀವು ಅಳೆಯುತ್ತಿರುವುದು ಸೂಕ್ಷ್ಮಾಣುಗಳ ಕೆಲಸವನ್ನಲ್ಲ, ತಂತಿಯ ತುಕ್ಕನ್ನು.

ಪ್ರಶ್ನೆ: ಇದಕ್ಕೆ ಜಿಯೋಬ್ಯಾಕ್ಟರ್ ಶುದ್ಧ ತಳಿಯನ್ನೇ ತರಿಸಬೇಕೆ? ಉಣಕಲ್ ಕೆರೆಯ ಕೆಸರು ನಡೆಯುವುದಿಲ್ಲವೆ?
— ಪಿಯುಸಿ ಉಪನ್ಯಾಸಕರು, ಹುಬ್ಬಳ್ಳಿ

ಕೆಸರು ನಡೆಯುತ್ತದೆ. 1987ರಲ್ಲಿ ಜಿಯೋಬ್ಯಾಕ್ಟರ್ ಮೊದಲು ಸಿಕ್ಕಿದ್ದೇ ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ. ಮೇಲಿನ ಕಂದು ಪದರ ಬಿಟ್ಟು 10 ಸೆಂ.ಮೀ. ಕೆಳಗಿನ ಕಪ್ಪು ಕೆಸರು ತೆಗೆದುಕೊಳ್ಳಿ, ಬಾಟಲಿಯ ಬಾಯಿವರೆಗೂ ತುಂಬಿ ಮುಚ್ಚಿ ತನ್ನಿ. ಆನೋಡ್ ತನಗೆ ಬೇಕಾದವರನ್ನು ತಾನೇ ಆರಿಸಿಕೊಳ್ಳುತ್ತದೆ. ಕೊಳೆನೀರಿನಲ್ಲಿ ಶುದ್ಧ ತಳಿ ನಾಲ್ಕು ದಿನ ಉಳಿಯುವುದಿಲ್ಲ. ಶುದ್ಧ ತಳಿಯ ಅಧ್ಯಯನಕ್ಕೆ ಬೇರೆ ಬೆಲೆಯಿದೆ. ಖರಗ್‌ಪುರದ ಐಐಟಿಯವರು ಎಂಟರೋಬ್ಯಾಕ್ಟರ್ ಕ್ಲೋಯಸಿ ಐಐಟಿ-ಬಿಟಿ 08 ಎಂಬ ತಳಿಯ ಮೇಲೆ ಮಾಡಿದ ಹುದುಗುವಿಕೆಯ ಕೆಲಸ ಈ ಕ್ಷೇತ್ರದಲ್ಲಿ ಹೆಸರಾದದ್ದು.

ಪ್ರಶ್ನೆ: ಹುಬ್ಬಳ್ಳಿ-ಧಾರವಾಡದ ಗಟಾರ ನೀರಿನ್ಯಾಗಿಂದ ಹೈಡ್ರೋಜನ್ ಮಾಡಿ ಚಿಗರಿ ಬಸ್ ಓಡಿಸಾಕ ಬರಂಗಿಲ್ಲೇನ್ರಿ?
— ದಿನನಿತ್ಯದ ಪ್ರಯಾಣಿಕರು, ನವನಗರ

ಸದ್ಯಕ್ಕೆ ಬರುವುದಿಲ್ಲ. ಗಟಾರ ನೀರಿನ ಸಿಒಡಿ ಲೀಟರಿಗೆ 400 ಮಿ.ಗ್ರಾಂ. ಆಸುಪಾಸು, ಗೋವಿನಜೋಳದ ನೀರಿನ ಇಪ್ಪತ್ತೈದನೇ ಒಂದು ಪಾಲು. ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಹುದುಗಿಸಿ ಪ್ರಯೋಜನವಿಲ್ಲ. ವಿದ್ಯುದ್ವಿಭಜನೆಯ ಕೋಶವೇ ಗತಿ, ಅದಕ್ಕೂ ನೀರಿನಲ್ಲಿ ಲವಣ ಕಡಿಮೆಯಾದ್ದರಿಂದ ಕರೆಂಟ್ ಹರಿಯಲು ತಡೆ ಹೆಚ್ಚು.

ಪ್ರತ್ಯಕ್ಷ ಪ್ರಯೋಗದ ಅಂಕಿ ಇದೆ. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದವರು ಹೌಡನ್ ಶುದ್ಧೀಕರಣ ಘಟಕದಲ್ಲಿ 120 ಲೀಟರಿನ ಕೋಶ ಇಟ್ಟು ನಿಜವಾದ ಗಟಾರ ನೀರಿನಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದರು. ಬಂದ ಹೈಡ್ರೋಜನ್ ಬಹುತೇಕ ಶುದ್ಧವಾಗಿತ್ತು, ಕ್ಯಾಥೋಡಿಗೆ ಬಳಸಿದ್ದು ಬರಿಯ ಸ್ಟೀಲ್ ನಾರು. ಎರಡೂ ದೊಡ್ಡ ಸಾಧನೆಗಳೇ. ಆದರೆ ಕೋಶದ ಒಂದು ಲೀಟರಿಗೆ ದಿನಕ್ಕೆ 0.015 ಲೀಟರ್ ಅನಿಲ ಮಾತ್ರ ಬಂತು, ಕೊಟ್ಟ ವಿದ್ಯುತ್ತಿನ ಸುಮಾರು ಶೇ. 70 ಮಾತ್ರ ಹೈಡ್ರೋಜನ್ ರೂಪದಲ್ಲಿ ವಾಪಸಾಯಿತು. ಆ ದರದಲ್ಲಿ 10 ಲಕ್ಷ ಲೀಟರಿನ ಕೋಶ ಕಟ್ಟಿದರೆ ದಿನಕ್ಕೆ 1.2 ಕೆ.ಜಿ. ಹೈಡ್ರೋಜನ್. ಹೈಡ್ರೋಜನಿನಿಂದ ವಿದ್ಯುತ್ ಮಾಡಿಕೊಂಡು ಓಡುವ ಫ್ಯೂಯೆಲ್ ಸೆಲ್ ಬಸ್ಸಿಗೆ 100 ಕಿ.ಮೀ.ಗೆ 8ರಿಂದ 10 ಕೆ.ಜಿ. ಬೇಕು. ಅಂದರೆ ಒಂದು ಬಸ್ಸು ಹುಬ್ಬಳ್ಳಿಯಿಂದ ಹೊರಟು ಧಾರವಾಡವನ್ನೂ ಮುಟ್ಟುವುದಿಲ್ಲ.

ಗಟ್ಟಿ ಕೊಳೆನೀರು ಇದ್ದರೂ ಸಾಲದು, ಮೀಥೇನ್ ಜೀವಿಗಳ ಕಾಟ ತಪ್ಪಬೇಕು. ಕ್ಯಾಲಿಫೋರ್ನಿಯಾದ ವೈನ್ ಕಾರ್ಖಾನೆಯೊಂದರ ನೀರಿಗೆ ಇಟ್ಟ 1,000 ಲೀಟರಿನ ಕೋಶದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಕರೆಂಟ್ ಬಂತು, ಅನಿಲವೂ ಬಂತು. ಆ ಅನಿಲದಲ್ಲಿ ಬಹುಪಾಲು ಮೀಥೇನೇ ಇತ್ತು. ಕೋಶ ದೊಡ್ಡದಾದಷ್ಟೂ ಹೈಡ್ರೋಜನ್ ಒಳಗೆ ಹೆಚ್ಚು ಹೊತ್ತು ನಿಲ್ಲುತ್ತದೆ, ತಿನ್ನುವವರಿಗೆ ಅಷ್ಟೇ ಅವಕಾಶ. ಈ ಸಮಸ್ಯೆ ಬಿಡಿಸುವವರು ನಮ್ಮ ಭಾಗದ ಕಾಲೇಜುಗಳಿಂದಲೇ ಬರಲಿ ಎಂಬುದು ನಮ್ಮ ಆಸೆ.

ಪ್ರಶ್ನೆ: ಗದಗ ಜಿಲ್ಲೆಯಲ್ಲಿ ಗಾಳಿಯಂತ್ರಗಳು ಬೇಕಾದಷ್ಟಿವೆ. ಆ ವಿದ್ಯುತ್ತಿನಿಂದ ನೇರವಾಗಿ ನೀರನ್ನೇ ಒಡೆಯಬಹುದಲ್ಲ, ಸೂಕ್ಷ್ಮಾಣುಗಳ ಗೊಡವೆ ಏಕೆ?
— ಡಿಪ್ಲೊಮಾ ವಿದ್ಯಾರ್ಥಿ, ಗದಗ

ಟನ್ನುಗಟ್ಟಲೆ ಹೈಡ್ರೋಜನ್ ಬೇಕಿದ್ದರೆ ನಿಮ್ಮ ದಾರಿಯೇ ಸರಿ. 2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ನಿನ ಗುರಿ ಇಟ್ಟಿದೆ. ಅದು ಸಾಧ್ಯವಾದರೆ ಬಹುಪಾಲು ವಿದ್ಯುತ್ತಿನಿಂದ ನೀರು ಒಡೆಯುವ ಎಲೆಕ್ಟ್ರೋಲೈಸರುಗಳಿಂದಲೇ. ಸೂಕ್ಷ್ಮಾಣುಗಳ ಬಲ ಬೇರೆ. ಒಂದು ಕೆ.ಜಿ. ಹೈಡ್ರೋಜನಿಗೆ ಎಲೆಕ್ಟ್ರೋಲೈಸರ್ 50ರಿಂದ 55 ಯೂನಿಟ್ ತಿನ್ನುತ್ತದೆ. 0.8 ವೋಲ್ಟಿನ ಸೂಕ್ಷ್ಮಾಣು ಕೋಶ, ನಷ್ಟವಿಲ್ಲ ಎಂದಾದರೆ, 21 ಯೂನಿಟ್. ಎಲೆಕ್ಟ್ರೋಲೈಸರಿಗೆ ಬಹಳ ಶುದ್ಧ ನೀರು ಬೇಕು, ಕೆ.ಜಿ.ಗೆ ಕನಿಷ್ಠ 9 ಲೀಟರ್. ಇಲ್ಲಿ ಕೊಳೆನೀರೇ ಸಾಮಗ್ರಿ, ಅದು ಶುದ್ಧವಾಗುವುದೂ ಲಾಭ. ನೀರು ಶುದ್ಧ ಮಾಡಲೇಬೇಕಾದ ಕಾರ್ಖಾನೆಗೆ ಇದು ಹೊಂದುತ್ತದೆ, ಹೈಡ್ರೋಜನ್ ಮಾರಲು ಹೊರಟವರಿಗೆ ಹೊಂದುವುದಿಲ್ಲ.

ಪ್ರಶ್ನೆ: ಪನೀರ್ ಮಾಡಿದ ಮೇಲೆ ಉಳಿಯುವ ನೀರು ಮತ್ತು ಪೇಢೆಯ ಕಡಾಯಿ ತೊಳೆದ ನೀರು ಆಗುತ್ತದೆಯೇ?
— ಹಾಲಿನ ಪದಾರ್ಥಗಳ ತಯಾರಕರು, ಧಾರವಾಡ

ಪನೀರಿನ ನೀರು ಬಹಳ ಒಳ್ಳೆಯದು. ಅದರಲ್ಲಿ ಶೇ. 4.5ರಿಂದ 5 ಹಾಲಿನ ಸಕ್ಕರೆ ಇದೆ, ಸಿಒಡಿ ಲೀಟರಿಗೆ 50 ಗ್ರಾಂ ದಾಟುತ್ತದೆ. ಹಾಗೇ ಬಿಟ್ಟರೆ ಆಮ್ಲ ವಿಪರೀತವಾಗುತ್ತದೆ. ಐದು ಪಟ್ಟು ತೆಳು ಮಾಡಿ, ಅದಕ್ಕೆ ಕಡಾಯಿ ತೊಳೆದ ನೀರನ್ನೇ ಬಳಸಿ. ಮೊದಲು ಮೇಲೆ ತೇಲುವ ಕೊಬ್ಬನ್ನು ತೆಗೆಯಬೇಕು, ಇಲ್ಲವಾದರೆ ಅದು ಕೆನೆಗಟ್ಟಿ ಅನಿಲದ ಕೊಳವೆ ಕಟ್ಟುತ್ತದೆ. ಕಾಸ್ಟಿಕ್, ನೈಟ್ರಿಕ್ ಆಮ್ಲ, ಕ್ಲೋರಿನ್ ಹಾಕಿ ಯಂತ್ರ ತೊಳೆದ ನೀರು ಒಂದೇ ಸಲ ಒಳಗೆ ಹೋದರೂ ಇಡೀ ತೊಟ್ಟಿ ಸಾಯುತ್ತದೆ. ಅದಕ್ಕೆ ಪ್ರತ್ಯೇಕ ಕೊಳವೆ ಹಾಕಿಸಿ. ಹಾಲಿನ ನೀರಿನಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತುಂಬಿರುವುದರಿಂದ ಅದೇ ದಿನ ಬಳಸಬೇಕು, ಆಗದಿದ್ದರೆ 70 ಡಿಗ್ರಿಗೆ ಕಾಯಿಸಿ ಇಡಿ.

ಪ್ರಶ್ನೆ: ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಹಾಕಿದ ನೀರಿನಿಂದ?
— ಗದಗ-ಬೆಟಗೇರಿ

ಹೈಡ್ರೋಜನ್ ಆಸೆ ಬೇಡ. ಅದರಲ್ಲಿ ಬ್ಯಾಕ್ಟೀರಿಯಾಕ್ಕೆ ಆಹಾರ ಕಡಿಮೆ, ಉಪ್ಪು ಮತ್ತು ಬಣ್ಣ ಹೆಚ್ಚು. ಅಜೋ ಎಂಬ ಗುಂಪಿನ ಬಣ್ಣಗಳು ಗಾಳಿಯಿಲ್ಲದ ತೊಟ್ಟಿಯಲ್ಲಿ ಒಡೆದು ಬಣ್ಣ ಹೋಗುವುದು ನಿಜ, ಆದರೆ ಒಡೆದಾಗ ಬರುವ ಅಮೀನ್ ಎಂಬ ರಾಸಾಯನಿಕಗಳಲ್ಲಿ ಕೆಲವು ವಿಷಕಾರಿ. ಅದರ ನಂತರ ಗಾಳಿ ಊದುವ ಹಂತ ಇರಲೇಬೇಕು.

ಪ್ರಶ್ನೆ: ನೇರಳೆ ಬ್ಯಾಕ್ಟೀರಿಯಾ ಬಿಸಿಲಿನಲ್ಲಿ ಹೈಡ್ರೋಜನ್ ಕೊಡುತ್ತವಂತೆ. ನಮ್ಮಲ್ಲಿ ಬಿಸಿಲಿಗೇನೂ ಬರವಿಲ್ಲ.
— ರೈತರು, ಹಾವೇರಿ ತಾಲ್ಲೂಕು

ರೋಡೋಬ್ಯಾಕ್ಟರ್‌ನಂಥವು ಕೊಡುತ್ತವೆ, ಹುದುಗಿಸಿದ ಮೇಲೆ ಉಳಿಯುವ ಅಸಿಟಿಕ್ ಆಮ್ಲವೇ ಅವುಗಳ ಆಹಾರ. ತೊಡಕು ಏನೆಂದರೆ, ಅವು ಹೈಡ್ರೋಜನ್ ಬಿಡುವುದು ಸಾರಜನಕ ಸ್ಥಿರೀಕರಿಸುವ ಕಿಣ್ವದಿಂದ. ನೀರಿನಲ್ಲಿ ಅಮೋನಿಯಾ ಇದ್ದರೆ ಆ ಕಿಣ್ವವನ್ನು ಅವು ತಯಾರಿಸುವುದೇ ಇಲ್ಲ, ಸಗಣಿ, ಗಂಜಲ, ಗಟಾರದ ನೀರಿನಲ್ಲಿ ಅಮೋನಿಯಾ ಇದ್ದೇ ಇರುತ್ತದೆ. ಬೆಳಕು ಒಳಹೋಗಲು ತೆಳು ಗಾಜಿನ ಪಾತ್ರೆಗಳು ಬೇಕು, ಮಧ್ಯಾಹ್ನ ಅವು 40 ಡಿಗ್ರಿ ದಾಟದಂತೆ ತಂಪು ಮಾಡಬೇಕು. ಹೊಲದಲ್ಲಿ ಸದ್ಯಕ್ಕೆ ಇದು ಗಿಟ್ಟದು. ದನಗಳಿದ್ದರೆ ಗೋಬರ್ ಗ್ಯಾಸ್ ತೊಟ್ಟಿಯನ್ನೇ ಚೆನ್ನಾಗಿ ನಡೆಸಿ.

ಪ್ರಶ್ನೆ: ಇದನ್ನು ಮನೆಯ ಗ್ಯಾಸ್ ಒಲೆಗೆ ಜೋಡಿಸಬಹುದೆ? ಟ್ಯೂಬಿನಲ್ಲಿ ತುಂಬಿಡಬಹುದೆ?
— ಗೃಹಿಣಿ, ಶಿಗ್ಗಾವಿ

ಎರಡನ್ನೂ ಮಾಡಬೇಡಿ ತಾಯಿ. ಹೈಡ್ರೋಜನ್ ಜ್ವಾಲೆ ಮೀಥೇನ್ ಜ್ವಾಲೆಗಿಂತ ಆರೇಳು ಪಟ್ಟು ವೇಗವಾಗಿ ಹರಡುತ್ತದೆ. ಸಾಮಾನ್ಯ ಬರ್ನರಿನ ತೂತಿನೊಳಗೆ ನುಗ್ಗಿ ಕೊಳವೆಯಲ್ಲಿ ಹಿಂದಕ್ಕೆ ಓಡುತ್ತದೆ. ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಎಷ್ಟೇ ಬೆರೆತರೂ ಹತ್ತಿಕೊಳ್ಳುತ್ತದೆ, ಸ್ವಿಚ್ಚಿನ ಕಿಡಿ ಸಾಕು. ಹಗಲಿನಲ್ಲಿ ಉರಿ ಕಾಣುವುದೂ ಇಲ್ಲ. ಟ್ಯೂಬಿನ ರಬ್ಬರಿನಿಂದ ಅದು ಸೋರುತ್ತದೆ, ಸೋರಿದ್ದು ಮೇಲೇರಿ ಸೂರಿನ ಕೆಳಗೆ ಸೇರಿಕೊಳ್ಳುತ್ತದೆ. ಘಟಕಗಳಲ್ಲಿ ಬಳಸುವವರು ತೊಟ್ಟಿಯನ್ನು ಬಯಲಿನಲ್ಲಿ ಇಡಬೇಕು, ಮೇಲೆ ಮಾಡು ಇದ್ದರೆ ಅದರ ನೆತ್ತಿಯಲ್ಲೇ ಕಿಂಡಿ ಬಿಡಬೇಕು, ಕೊಳವೆಯಲ್ಲಿ ನೀರಿನ ತಡೆಯ ಜೊತೆ ಜ್ವಾಲೆ ತಡೆಯುವ ಲೋಹದ ಜಾಲರಿಯ ಸಾಧನ ಹಾಕಿಸಬೇಕು. ತೊಟ್ಟಿಯ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡೂ ಇರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬಂದು, ಪ್ರಮಾಣ ಹೆಚ್ಚಾದಾಗ ಮೂಗಿಗೆ ತಿಳಿಯದಂತಾಗುತ್ತದೆ. ಆದ್ದರಿಂದ ವಾಸನೆ ನಿಂತಿತೆಂದು ಯಾರೂ ತೊಟ್ಟಿಯೊಳಗೆ ಇಳಿಯಬಾರದು. ಇಳಿಯಲೇಬೇಕಾದರೆ ಬ್ಲೋವರಿನಿಂದ ಗಾಳಿ ಊದಿ, ಅನಿಲ ಮಾಪಕ ಇಳಿಬಿಟ್ಟು ನೋಡಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಬೇಕು. ಕೊಳವೆಯ ಸೋರಿಕೆ ನೋಡಲು ಸಾಬೂನಿನ ನೀರು ಹಚ್ಚಿ ಗುಳ್ಳೆ ನೋಡಿ, ಕಡ್ಡಿ ಗೀರಿ ನೋಡಬೇಡಿ.